ಫೈಲ್ ನಂಬರಿನ ಸರದಿ

ಕಣ್ಣಾಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಸೊಸೆ ಅವತ್ತು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಇನ್ನೂ ಕತ್ತಲಿರುವಾಗ, ಎಲ್ಲರಿಗಿಂತ ಮೊದಲೇ ಬಂದಿದ್ದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ. ಪಟ್ಟಣದ ತಮ್ಮ ಆಸ್ಪತ್ರೆಯಲ್ಲಿ ಮಾಡುವ ಆಪರೇಷನ್ನಿಗೆ ತಾರೀಖು ಕೊಡಲು ಬಂದ ಸರ್ಜನ್ ಇರುವುದು ಅವತ್ತು ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಹೊರಟುಹೋದರೆ ಅವರು ಮತ್ತೆ ಬರುವುದು ಮುಂದಿನ ವರ್ಷ. ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ. ಹೋದ ವಾರವಷ್ಟೇ ಅತ್ತೆ ಬಾಗಿಲಿಗೆ ಬಂದ ಪಕ್ಕದ ಮನೆಯವಳನ್ನು ತಮ್ಮ ಮಗಳೆಂದು ತಿಳಿದು, ಆ ಪಕ್ಕದ ಮನೆಯವಳ ಬಗ್ಗೆಯೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಟ್ಟಿದ್ದರು.

ಮೊದಲು ಬಂದವರು ಮೊದಲು ಟೋಕನ್ ತೆಗೆದುಕೊಳ್ಳಬೇಕೋ ಬೇಡವೋ? ಸೊಸೆಯ ಬುದ್ಧಿವಂತಿಕೆಯೇ ಬೇರೆ.

"ಅತ್ತೆ, ಒಂದು ಸೆಟ್ಟಿಂಗ್ ಬದಲಾಯಿಸೋದಿದೆ. ಅದು ಮುಗೀಲಿ, ಆಮೇಲೆ ಟೋಕನ್ ತಗೊಳ್ಳಿ. ನಡುವೆ ಏನಾದ್ರೂ ಎಡವಟ್ಟಾದ್ರೆ ನಿಮ್ಮ ಟೋಕನ್ನೇ ಮಾಯವಾಗಿಬಿಟ್ರೆ?"

"ಆಯ್ತು ಕಣಮ್ಮ, ನಿಂಗೆ ಗೊತ್ತಿರತ್ತೆ" ಎಂದು ಅತ್ತೆ ಬೆಂಚಿನ ಮೇಲೆ ಕೂತರು. ಕೆಲಸ ಮುಗಿದು ಅವರ ಕೈಗೆ ಟೋಕನ್ ಬರುವಷ್ಟರಲ್ಲಿ ಹಾಲ್ ತುಂಬಿ ತುಳುಕುತ್ತಿತ್ತು.

ಆ ಸೆಟ್ಟಿಂಗಿನ ಕಥೆ ಇಷ್ಟೇ. ಆಸ್ಪತ್ರೆ ಹೊಸ ಡೇಟಾಬೇಸ್ ತಂದು ವರ್ಷಗಳಾಗಿದ್ದವು. ಆದರೆ ಟೋಕನ್ ಕೂಗುವ ಅಪ್ಲಿಕೇಶನ್ ಮುದಿ. ಅದು ಗಾಬರಿಯಾಗದಿರಲೆಂದು, ಹೊಸ ಡೇಟಾಬೇಸು ಹಳೆಯದರ ಹಾಗೆಯೇ ನಡೆದುಕೊಳ್ಳುವಂತೆ ಕಂಪ್ಯಾಟಿಬಿಲಿಟಿ ಸೆಟ್ಟಿಂಗ್ ಇಟ್ಟಿದ್ದರು. ಇನ್ನೆಷ್ಟು ದಿನ ಈ ನಾಟಕ ಎಂದು ಸೊಸೆ ಅದನ್ನು ಹೊಸದಕ್ಕೆ ಏರಿಸಿದಳು. ಎಲ್ಲ ಮೊದಲಿಗಿಂತ ಚುರುಕಾಗಿ ಓಡತೊಡಗಿತು. ಅವಳು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಸ್ವಲ್ಪ ಹೊತ್ತಿಗೆ ಕೆಳಗಿನ ಕೌಂಟರಿನವಳ ಫೋನ್ ಬಂತು.

"ಮೇಡಂ, ಟೋಕನ್ ಅಡ್ಡಾದಿಡ್ಡಿ ಕರೀತಿದೆ. ಕತ್ತಲೆಯಲ್ಲೇ ಬಂದು ಕೂತಿರೋ ಬಡಗಿಯೊಬ್ರು ಗಂಟಲು ಹರಕೊಳ್ತಿದ್ದಾರೆ. ಈಗ ಬಂದ ಮುದುಕರೆಲ್ಲ ಸೀದಾ ಒಳಗೆ ಹೋಗ್ತಿದ್ದಾರೆ!"

ಸೊಸೆ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿದಳು, ನೆಟ್‌ವರ್ಕ್ ನೋಡಿದಳು, ಪ್ರಿಂಟರಿನ ಮೇಲೂ ಗುಮಾನಿ ಪಟ್ಟಳು. ತನ್ನ ಕೈಯಾರೆ ಮಾಡಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದಾಯಿತು. ಅಪ್ಲಿಕೇಶನ್ ಬರೆದ ಕಂಪನಿಗೆ ಫೋನ್ ಮಾಡಿದರೆ, "ನಾವು ಏನೂ ಮುಟ್ಟಿಲ್ಲ ಮೇಡಂ, ನೀವೇನಾದ್ರೂ ಮುಟ್ಟಿದ್ರಾ?" ಎಂದರು. ಬೇರೆ ದಾರಿಯಿಲ್ಲದೆ ಅಪ್ಲಿಕೇಶನ್ ಡೇಟಾಬೇಸಿಗೆ ಏನು ಕೇಳುತ್ತಿದೆಯೆಂದು ತೆರೆದು ಓದಿದಳು. ಅದು ಕಾಯುತ್ತಿರುವವರನ್ನು ಕೊಡು ಎನ್ನುತ್ತಿತ್ತು. ಬಂದ ಸರದಿಯಲ್ಲಿ ಕೊಡು ಎಂದು ಎಲ್ಲೂ ಹೇಳಿರಲಿಲ್ಲ! ಹಳೆಯ ನಡವಳಿಕೆಯಲ್ಲಿ ಅದೃಷ್ಟವಶಾತ್ ಬಂದ ಸರದಿಯಲ್ಲೇ ಸಿಗುತ್ತಿತ್ತು. ಹೊಸದು ಬೇಗ ಮುಗಿಸುವ ದಾರಿ ಹುಡುಕಿ, ಫೈಲ್ ನಂಬರಿನ ಪ್ರಕಾರ ಕೊಡುತ್ತಿತ್ತು. ಯಾರ ಫೈಲು ಹಳೆಯದೋ ಅವರೇ ಮುಂದು.

ಪರಿಹಾರ ಒಂದೇ ಸಾಲು. ಕಂಪನಿಯವರು ತಪ್ಪು ತಿದ್ದುವವರೆಗೆ ಸೆಟ್ಟಿಂಗನ್ನು ಹಳೆಯದಕ್ಕೆ ಇಳಿಸಿದರಾಯಿತು. ಆ ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟರಲ್ಲಿ ಕಣ್ಣು ಪಕ್ಕದ ಪರದೆಯ ಮೇಲೆ ಬಿತ್ತು. ಮುಂದಿನ ಟೋಕನ್ ಅತ್ತೆಯದು.

ಅತ್ತೆ ಮೊದಲ ಕನ್ನಡಕ ಹಾಕಿಸಿಕೊಂಡ ಕಾಲದ ಫೈಲು. ಈಗ ಎಂಟರ್ ಒತ್ತಿದರೆ ಅತ್ತೆ ಹಾಲಿನ ಕೊನೆಗೆ ಬೀಳುತ್ತಾರೆ. ಕೊನೆಗೆ ಬಿದ್ದದ್ದಾದರೂ ಯಾರಿಂದ? ಅವಳಿಗೆ ಅತ್ತೆಯ ಮೇಲೆ ಕನಿಕರ ಬಂತು, ತನ್ನ ಮೇಲೆ ಸಿಟ್ಟು ಬಂತು. ಬೆರಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಒಂದು ಗಳಿಗೆ ತಡವಾದರೆ ಪ್ರಪಂಚ ಮುಳುಗುವುದಿಲ್ಲ. ಕೌಂಟರಿನವಳು ಮತ್ತೆ ಫೋನ್ ಮಾಡಿದಾಗ, "ಇನ್ನೂ ಹುಡುಕ್ತಾ ಇದ್ದೀನಿ" ಎಂದಳು.

ಪರದೆಯಿಂದ ಅತ್ತೆಯ ಟೋಕನ್ ಮರೆಯಾಯಿತು. ಒಳಗೆ ಹೋದರಲ್ಲ, ಸದ್ಯ! ಸೊಸೆ ಎಂಟರ್ ಒತ್ತಿದಳು. ಬಡಗಿಯ ಟೋಕನ್ ಮೇಲೆ ಬಂತು.

ಮಧ್ಯಾಹ್ನ ಸರ್ಜನ್ ಹೊರಟ ಮೇಲೆ ಅವಳು ಕೆಳಗಿಳಿದು ಬಂದಳು. ಖಾಲಿ ಹಾಲಿನಲ್ಲಿ ಅತ್ತೆ ಒಬ್ಬರೇ ಕೂತಿದ್ದರು.

"ಯಾವತ್ತಿಗೆ ಕೊಟ್ರು ಅತ್ತೆ?"

"ಎಲ್ಲಿಂದ ಕೊಡ್ತಾರೆ, ನಾನು ಒಳಗೆ ಹೋಗಿದ್ರೆ ತಾನೆ?"

ಸೊಸೆಗೆ ಅರ್ಥವಾಗಲಿಲ್ಲ. "ನಿಮ್ಮನ್ನ ಕರೆದ್ರಲ್ಲ?"

"ಕರೆದ್ರು. ಎದ್ದೂ ನಿಂತೆ. ನನ್ನ ಸೊಸೆ ಇಲ್ಲಿ ಕಂಪ್ಯೂಟರ್ ನೋಡ್ಕೊಳ್ತಾಳೆ ಅಂತ ಬೆಳಿಗ್ಗೆಯಿಂದ ಎಲ್ರಿಗೂ ಹೇಳ್ಕೊಂಡಿದ್ನಲ್ಲ, ನನ್ನದೇ ಬಾಯಿ! ಆ ಬಡಗಿ ಶುರು ಮಾಡ್ದ. ಮೇಲೆ ಕೂತು ಸೊಸೇನೇ ಅತ್ತೇನ ಮುಂದೆ ತಳ್ತಿದ್ದಾಳೆ ಅಂದ. ಎಲ್ರೂ ಹೌದು ಹೌದು ಅಂದ್ರು. ನಂಗೆ ಮೈಯೆಲ್ಲ ಉರಿದುಹೋಯ್ತು ಕಣೇ."

ಅತ್ತೆ ಸೊಸೆಯ ಕೈಗಾಗಿ ತಡಕಾಡಿದರು. ಕಾಯುವಾಗಲೇ ನರ್ಸ್ ಕಣ್ಣಿಗೆ ಹಾಕಿದ್ದ ಔಷಧಿಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಹಾಲಿನ ನಡುವೆ ನಿಂತು ಹೇಳ್ದೆ. ನನ್ನ ಸೊಸೆ ಅಂಥವಳಲ್ಲ, ಮಿಷನ್ನೇ ಕೆಟ್ಟಿದೆ, ಅವಳು ಅದನ್ನ ಸರಿ ಮಾಡೋವರೆಗೂ ನಾನು ಒಳಗೆ ಕಾಲಿಡಲ್ಲ, ನನ್ನನ್ನ ಕೊನೇಗೆ ಹಾಕಿ ಅಂದೆ. ಕೌಂಟರಿನವಳು ನನ್ನ ಟೋಕನ್ ಕೊನೇಗೆ ಹಾಕಿದ್ದೇ ತಡ, ನೀನು ಸರಿ ಮಾಡ್ಬಿಟ್ಟೆ ನೋಡು! ಬಡಗಿ ಟೋಕನ್ ಬಂತು. ಅವನ ಬಾಯಿ ಕಟ್ಟಿಹೋಯ್ತು. ನನ್ನ ಸರದಿ ಬರೋಷ್ಟರಲ್ಲಿ ಡಾಕ್ಟ್ರು ಹೊರಟೇಹೋದ್ರು, ಅಷ್ಟೇ."

ಸೊಸೆ ಏನನ್ನೋ ಹೇಳಹೋದಳು.

"ಸುಮ್ನಿರು, ಬೇಜಾರು ಮಾಡ್ಕೋಬೇಡ" ಎಂದು ಅತ್ತೆ ಅವಳ ಕೈಯನ್ನು ಮೆಲ್ಲಗೆ ಒತ್ತಿದರು. "ಕಣ್ಣು ಮುಂದಿನ ವರ್ಷ ಆದ್ರೂ ಆಗತ್ತೆ."