ಎಲೆಬಳ್ಳಿಯ ಹಸಿರು ಕದ್ದವರು

ನಾನು ಒಂದು ಪೊರೆ. ವೀಳ್ಯದೆಲೆಯ ಒಳಗೆ ಸಣ್ಣ ಸಣ್ಣ ಹಸಿರು ಕಣಗಳಿವೆಯಲ್ಲ, ಅಂಥದೊಂದು ಕಣದಲ್ಲಿ, ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಕೂತ ಚಪ್ಪಟೆ ಚೀಲಗಳಲ್ಲಿ ನಾನೂ ಒಬ್ಬಳು. ಓದಿದವರು ಥೈಲಕಾಯ್ಡ್ ಎನ್ನುತ್ತಾರೆ. ಆ ಹೆಸರಿಟ್ಟವರನ್ನೂ ನಾನು ಪೂರ್ತಿ ನಂಬಿಲ್ಲ.

ಹುಟ್ಟಿದ್ದು ಸವಣೂರಿನ ಒಂದು ಹಿತ್ತಲಿನಲ್ಲಿ, ನುಗ್ಗೆ ಮರಕ್ಕೆ ಹಬ್ಬಿದ ಬಳ್ಳಿಯ ಕುಡಿಯಲ್ಲಿ. ಮಡಚಿಕೊಂಡಿದ್ದ ಎಲೆ ಬಿಚ್ಚಿ ಬೆಳಕು ಬಿದ್ದಾಗಲೇ ನನಗೆ ಆಕಾರ ಬಂತು, ಮೈಗೆ ಹಸಿರು ಹತ್ತಿತು. ಬೆಳಕು ಹಿಡಿದು ಕೊಡುವುದು ನನ್ನ ಕೆಲಸ. ಅದರ ಬಲದಿಂದಲೇ ಬಳ್ಳಿಯ ಅಡುಗೆ. ಆದರೆ ಬಿಸಿಲು ಹೆಚ್ಚಾದರೆ ಅದು ನನ್ನನ್ನೇ ಸುಡುತ್ತದೆ. ಅನ್ನ ಹಾಕುವ ಕೈಯೇ ಸುಡುವುದನ್ನು ಎಳವೆಯಲ್ಲೇ ಕಂಡವಳಿಗೆ ಯಾರ ಮೇಲೆ ನಂಬಿಕೆ ಬಂದೀತು?

ಬಳ್ಳಿಯ ಒಡತಿ ಹೊನ್ನವ್ವ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ತವರಿನಿಂದ ತಂದು ನೆಟ್ಟ ಬಳ್ಳಿ ಅದು. ಸೊಸೆ ನೀಲಗಂಗಾ ಹಿತ್ತಲಿಗೆ ಬಂದರೆ ಸಾಕು, ಅತ್ತೆಯ ಕಣ್ಣು ಅವಳ ಬೆರಳ ತುದಿಯಲ್ಲೇ ಇರುತ್ತಿತ್ತು.

ಒಂದು ಬೇಸಿಗೆ ನನ್ನ ಎಲೆ ಹಳದಿಯಾಗತೊಡಗಿತು. ಯಾರೋ ನನ್ನ ಹಸಿರು ಕದಿಯುತ್ತಿದ್ದರು. ಪಕ್ಕದ ಪೊರೆಗಳನ್ನು ಅನುಮಾನಿಸಿದೆ, ಅವೂ ಬರಿಗೈ. ಹುಳವೇ? ಕಚ್ಚಿದ ಗುರುತಿಲ್ಲ. ಆದರೆ ನರಗಳ ಪಕ್ಕ ಮಾತ್ರ ಹಸಿರು ಉಳಿದಿತ್ತು. ಅಲ್ಲೇ ಏನೋ ಇದೆ ಎಂದು ನನಗೆ ವಾಸನೆ ಹೊಡೆಯಿತು.

ಹೊನ್ನವ್ವನಿಗೆ ಬೇರೆಯದೇ ವಾಸನೆ ಹೊಡೆದಿತ್ತು. ಮುಟ್ಟಾದವರು ಮುಟ್ಟಿದರೆ ಎಲೆಬಳ್ಳಿ ಒಣಗುತ್ತದೆ ಎಂದು ಅವಳು ಹಿರಿಯರಿಂದ ಕೇಳಿದ್ದಳು.

"ಮುಟ್ಟಾದಾಗ ಬಳ್ಳಿ ಮುಟ್ಟೀದಿ, ಹೌದಿಲ್ಲ?"

"ಇಲ್ರೀ ಅತ್ತಿ. ಆ ದಿನದಾಗ ನಾ ಹಿತ್ತಲಕ್ಕ ಕಾಲಽ ಇಟ್ಟಿಲ್ರಿ."

"ಸುಳ್ಳ ಹೇಳಬ್ಯಾಡ. ಬಳ್ಳಿನಽ ಸಾಕ್ಷಿ ಹೇಳಾಕತ್ತೈತಿ. ಇದು ಹಸರ ಆಗೂತನ ನೀ ತವರಾಗಽ ಇರು."

ನಾನು ಯಾವ ಸಾಕ್ಷಿಯನ್ನೂ ಹೇಳಿರಲಿಲ್ಲ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀಲಗಂಗಾ ಅಳಲಿಲ್ಲ. ಚೀಲ ಹಿಡಿದು ಹೊರಟವಳು ಬಳ್ಳಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಅವಳು ಹೋದ ಮೇಲೂ ನನ್ನ ಹಸಿರು ಸೋರಿತು. ಈ ಸಲ ನರದ ಮೇಲೆಯೇ ಕಣ್ಣಿಟ್ಟೆ. ನನ್ನನ್ನು ಬಿಚ್ಚಿ ತೆಗೆದ ಸಾಮಾನೆಲ್ಲ ನರದಲ್ಲಿ ಹರಿದು, ಎಲೆಯ ದೇಟು ದಾಟಿ, ಬಳ್ಳಿಯ ಗುಂಟ ಮೇಲೇರುತ್ತಿತ್ತು. ತುದಿಯಲ್ಲೊಂದು ಹೊಸ ಕುಡಿ. ಅದರೊಳಗಿನ ಎಳೆಯ ಪೊರೆಗಳು ನನ್ನ ಸತ್ವ ತೊಟ್ಟುಕೊಂಡು ಮಿರಮಿರ ಮಿಂಚುತ್ತಿದ್ದವು. ಮಣ್ಣಿನಲ್ಲಿ ಸತ್ವ ಸಾಲದಾದಾಗ ಬಳ್ಳಿ ಹಳಬರನ್ನು ಬಿಚ್ಚಿ ಹೊಸಬರನ್ನು ಕಟ್ಟುತ್ತದೆ. ಕಳ್ಳ ಮನೆಯೊಳಗೇ ಇದ್ದ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ನೊಂದುಕೊಂಡೆ.

ಒಂದು ಬೆಳಿಗ್ಗೆ ಹೊನ್ನವ್ವ ಬಳ್ಳಿಯ ಮುಂದೆ ಕುಕ್ಕರಿಸಿ ಕೂತು ಕೆಳಗೂ ಮೇಲೂ ನೋಡಿದಳು. ಕೆಳಗಿನ ಇನ್ನಷ್ಟು ಎಲೆಗಳು ಹಣ್ಣಾಗಿದ್ದವು, ಮೇಲಿನ ಕುಡಿ ಹಸಿರಾಗಿತ್ತು.

"ಊರಾಗಽ ಇಲ್ಲದಾಕಿ ಹೆಂಗ ಮುಟ್ಟಿದಳು?" ಎಂದು ತನ್ನಷ್ಟಕ್ಕೆ ಗೊಣಗಿಕೊಂಡು ಎದ್ದಳು. ಮಧ್ಯಾಹ್ನವೇ ಮಗನನ್ನು ಬೀಗರ ಊರಿಗೆ ಅಟ್ಟಿದಳು.

ಸೊಸೆ ಬಂದ ಮರುದಿನ ಅತ್ತೆ ಬಳ್ಳಿಯ ಪಕ್ಕ ನಿಂತು ಕೂಗಿದಳು. "ನೀಲಾ, ಈ ಹಣ್ಣೆಲಿ ಹರಿ ಬಾ."

ನೀಲಗಂಗಾ ಹೊಸ್ತಿಲಲ್ಲೇ ನಿಂತಳು. ಸುಮ್ಮನೆ ಬಂದು ಹರಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಇವತ್ತ ಮುಟ್ಟಾಗೀನ್ರಿ ಅತ್ತಿ."

ಹೊನ್ನವ್ವನ ಮುಖ ಸಣ್ಣದಾಯಿತು. ಈ ಹುಡುಗಿ ಅಂದೂ ಸುಳ್ಳು ಹೇಳಿರಲಿಲ್ಲ ಎಂಬುದು ಆಗ ಹೊಳೆದಿರಬೇಕು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಆಗ್ಲಿ," ಎಂದಳು ಕೊನೆಗೆ. "ಮುಟ್ಟು."

ಆ ಬೆರಳುಗಳು ದೇಟಿಗೆ ಬಂದಾಗ ನಾನು ಎಂದಿನ ಅನುಮಾನದಿಂದಲೇ ಕಾದೆ. ಏನೂ ಆಗಲಿಲ್ಲ. ಬೆರಳು ಬೆಚ್ಚಗಿದ್ದವು.

ಈಗ ಅವಳು ಹರಿದು ಹಾಕಿದಲ್ಲೇ, ಬಳ್ಳಿಯ ಬುಡದಲ್ಲಿ, ಒಣಗಿದ ಎಲೆಯೊಳಗೆ ಬಿದ್ದಿದ್ದೇನೆ. ನನ್ನಲ್ಲಿ ಇನ್ನು ಕದಿಯುವಂಥದ್ದು ಏನೂ ಇಲ್ಲ, ಆದ್ದರಿಂದ ಯಾರನ್ನೂ ಅನುಮಾನಿಸುವ ಅಗತ್ಯವೂ ಇಲ್ಲ. ಮೇಲಿನ ಕುಡಿ ಅಗಲವಾಗಿ ಬಿಚ್ಚಿಕೊಂಡಿದೆ. ನೀಲಗಂಗಾ ದಿನಾ ಬಂದು ಅದನ್ನು ಮುಟ್ಟಿ ನೋಡುತ್ತಾಳೆ.