ಹಿತ್ತಾಳೆ ಹಿಡಿಯ ಬಯೋನೆಟ್

“ಬಯೋನೆಟ್ ಸಿಕ್ತು ಕಣೋ ಓರಿನ್,” ಎಂದು ಹಾರ್ಲನ್ ಮೋಯರ್ ಫೋನಿನಲ್ಲಿ ಹೇಳಿದ. “ಡೇಲ್ ತಂದುಕೊಟ್ಟ. ಶನಿವಾರ ಹಳೇ ಬಂದೂಕುಗಳ ಪ್ರದರ್ಶನಕ್ಕೆ ಬರ್ತೀಯಲ್ಲ, ನೋಡುವಿಯಂತೆ.”

“ಒಳ್ಳೇದಾಯ್ತು ಬಿಡು,” ಎಂದ ಓರಿನ್ ಟ್ರೆಕ್ಸ್‌ಲರ್. ಕೈಯಲ್ಲಿದ್ದ ಸೇಬಿನ ಪೈಯನ್ನು ತಟ್ಟೆಗೆ ಹಾಕಿದ. ಫೋನ್ ಇಟ್ಟವನೇ ನೆಲಮಾಳಿಗೆಗೆ ಇಳಿದು ಹೋಗಿ ಹಳೆಯ ಬೀರುವಿನ ಕೆಳಗಿನ ಡ್ರಾಯರ್ ಎಳೆದ. ಟವೆಲ್ಲಿನಲ್ಲಿ ಸುತ್ತಿದ ಬಯೋನೆಟ್ ಇದ್ದಲ್ಲೇ ಇತ್ತು. ಹಿತ್ತಾಳೆಯ ಹಿಡಿ, ಬಂದೂಕಿನ ನಳಿಗೆಯ ತುದಿಗೆ ಸಿಕ್ಕಿಸುವ, ಮೊಳದುದ್ದಕ್ಕೂ ಮಿಗಿಲಾದ ಕತ್ತಿಯಂಥ ಅಲಗು, ಹಿಡಿಯ ಬುಡದಲ್ಲಿ ಕೆ 22 ಎಂಬ ಅಚ್ಚು. ಹಾರ್ಲನ್ ಪ್ರತಿ ಪ್ರದರ್ಶನದಲ್ಲೂ ಮೇಜಿನಿಂದ ಮೇಜಿಗೆ ಅಲೆದು ಹುಡುಕುತ್ತಿದ್ದದ್ದು ಇದನ್ನೇ.

ಹಾರ್ಲನ್‌ನ ಹತ್ತಿರ ಇದ್ದದ್ದು ಮಿಸ್ಸಿಸ್ಸಿಪ್ಪಿ ರೈಫಲ್, ಅಂತರ್ಯುದ್ಧಕ್ಕಿಂತ ಹಿಂದಿನದು. ಮೊದಲು ಅದಕ್ಕೆ ಬಯೋನೆಟ್ಟೇ ಇರಲಿಲ್ಲ. ಆಮೇಲೆ ಸರ್ಕಾರದ ಕಮ್ಮಾರರು ಒಂದೊಂದು ನಳಿಗೆಗೂ ಒಂದೊಂದು ಹಿಡಿಯನ್ನು ಕೈಯಾರೆ ಅರದಿಂದ ಉಜ್ಜಿ ಕೂರಿಸಿ, ಎರಡಕ್ಕೂ ಒಂದೇ ಅಂಕಿ ಒತ್ತಿದರು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಾರ್ಲನ್‌ನ ರೈಫಲ್ಲಿನ ಮೇಲಿದ್ದದ್ದೂ ಕೆ 22. ಆ ರೈಫಲ್ಲನ್ನು ಹರಾಜಿನಲ್ಲಿ ಮೊದಲು ಕಂಡವನು ಓರಿನ್. ಅವನು ಅದರ ಮರದ ಭಾಗದ ಮೇಲಿನ ಮುದ್ರೆ ಸಾಚಾವೋ ಅಲ್ಲವೋ ಎಂದು ಕನ್ನಡಕ ಏರಿಸಿ ಇಳಿಸಿ ನೋಡುತ್ತಿರುವಾಗಲೇ ಹಾರ್ಲನ್ ಕೈಯೆತ್ತಿಬಿಟ್ಟಿದ್ದ. ಅದನ್ನು ಓರಿನ್ ಹೇಗೋ ನುಂಗಿಕೊಂಡ. ಗೆಳೆಯನ ಮನೆಯಲ್ಲಿದ್ದರೆ ವಾರಕ್ಕೊಮ್ಮೆಯಾದರೂ ಮುಟ್ಟಿ ನೋಡಬಹುದಲ್ಲ ಎಂದುಕೊಂಡ.

ನುಂಗಲಾಗದ್ದು ಹಾರ್ಲನ್‌ನ ಹೊಸ ಗೆಳೆಯ ಡೇಲ್‌ನನ್ನು. ಬಯೋನೆಟ್ ಒಂದು ತೋಟದ ಮನೆಯ ಹರಾಜಿನಲ್ಲಿ ತುಕ್ಕು ಹಿಡಿದ ಬಾಗಿಲ ತಿರುಗಣೆಗಳ ಡಬ್ಬಿಯೊಳಗೆ ಸಿಕ್ಕಿದ ದಿನ ಓರಿನ್ ನೇರ ಹಾರ್ಲನ್ ಮನೆಗೇ ಕಾರು ಓಡಿಸಿದ್ದ. ಕೊಟ್ಟು ಅವನ ಮುಖ ನೋಡಬೇಕೆಂಬ ಖುಷಿ. ಕಿಟಕಿಯಲ್ಲಿ ನೋಡಿದರೆ, ಯಾವನೋ ಹೊಸಬ ಓರಿನ್‌ನ ಕುರ್ಚಿಯಲ್ಲಿ ಕೂತು, ಓರಿನ್ ಯಾವಾಗಲೂ ಕುಡಿಯುವ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ. ಹಾರ್ಲನ್ ರೈಫಲ್ಲನ್ನು ಅವನ ತೊಡೆಯ ಮೇಲಿಟ್ಟು ನಗುತ್ತಿದ್ದ. ಬಯೋನೆಟ್ ಕಾರಿನಲ್ಲೇ ಉಳಿಯಿತು. ಇವತ್ತು ಬೇಡ, ಇನ್ನೊಂದು ದಿನ ಎಂದುಕೊಂಡ. ಆ ಇನ್ನೊಂದು ದಿನ ಬರಲೇ ಇಲ್ಲ. ಡೇಲ್ ಮಾತ್ರ ಬರುತ್ತಲೇ ಇದ್ದ.

“ರೀ, ಅದನ್ನ ಅವರಿಗೆ ಕೊಟ್ಬಿಡಿ,” ಎಂದು ಲೋಯಿಸ್ ಮೆಟ್ಟಿಲ ಮೇಲಿನಿಂದ ಕೂಗಿದಳು. ಗಂಡ ಯಾವ ಡ್ರಾಯರ್ ಎಳೆದನೆಂಬುದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. “ಇಷ್ಟು ವಯಸ್ಸಾಗಿ ಎಂಥಾ ಹೊಟ್ಟೆಕಿಚ್ಚು ನಿಮ್ದು. ಚಳಿಗಾಲದ ಸ್ವೆಟರ್ ಇಡೋಕೆ ಜಾಗ ಇಲ್ಲ ನಂಗೆ.”

“ಹೊಟ್ಟೆಕಿಚ್ಚು ಯಾರಿಗೆ?” ಎಂದ ಓರಿನ್. ಆದರೂ ಶನಿವಾರ ಬೆಳಿಗ್ಗೆ ಟವೆಲ್ ಸಮೇತ ಅದನ್ನು ಕಾರಿನ ಹಿಂಬದಿಗೆ ಹಾಕಿಕೊಂಡ. ಲೋಯಿಸ್ ಬಾಗಿಲಲ್ಲಿ ನಿಂತು ನೋಡಿ ತೃಪ್ತಿಯಿಂದ ಒಳಗೆ ಹೋದಳು. ಒಯ್ಯುತ್ತಿರುವುದು ಕೊಡಲಿಕ್ಕೋ, ಬೇರೇನಕ್ಕೋ, ಓರಿನ್‌ಗೇ ಖಚಿತವಿರಲಿಲ್ಲ.

ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಆಗಲೇ ಜನ ಸೇರಿದ್ದರು. ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ವಾಸನೆ, ಬಂದೂಕಿನ ಎಣ್ಣೆಯ ವಾಸನೆ. ಹಾರ್ಲನ್‌ನ ಮೇಜಿನ ಸುತ್ತ ಗುಂಪು. ಹಸಿರು ಬಟ್ಟೆಯ ಮೇಲೆ ರೈಫಲ್, ಪಕ್ಕದಲ್ಲಿ ಗುಂಡಿನ ಅಚ್ಚು, ಮದ್ದಿನ ಕುಪ್ಪಿ, ಚರ್ಮದ ಪಟ್ಟಿ. ನಳಿಗೆಯ ತುದಿಯಲ್ಲಿ ಬಯೋನೆಟ್. ಡೇಲ್ ಮದುವೆಮನೆಯ ಹುಡುಗಿಯ ಕಡೆಯವನ ಹಾಗೆ ಬಂದವರಿಗೆಲ್ಲ ಕೈಕುಲುಕುತ್ತಿದ್ದ.

ಓರಿನ್ ಬಗ್ಗಿದ. ಒಂದೇ ನೋಟ ಸಾಕಾಯಿತು. ಹಿಡಿಯ ಸೀಳಿನೊಳಗೆ ಹಿತ್ತಾಳೆ ಹೊಸದಾಗಿ ಹೊಳೆಯುತ್ತಿತ್ತು, ಅರದ ಗೀರುಗಳು ಎದ್ದು ಕಾಣುತ್ತಿದ್ದವು. ಎಷ್ಟೋ ದಿನದ ಮೇಲೆ ಅವನ ಮನಸ್ಸು ಹಗುರಾಯಿತು.

“ಇದು ಉಜ್ಜಿ ಕೂರಿಸಿದ್ದು,” ಎಂದ, ನಾಲ್ಕು ಜನಕ್ಕೆ ಕೇಳುವಂತೆ. “ಹಳೇ ಬಯೋನೆಟ್‌ಗೆ ಅರ ಹಾಕಿದಾನೆ ಯಾವನೋ. ಈ ಕೆಲಸ ಮಾಡೋದೂ ಒಂದೇ, ಅದನ್ನ ಗುಜರಿಗೆ ಹಾಕೋದೂ ಒಂದೇ.”

“ಹೌದು,” ಎಂದ ಹಾರ್ಲನ್. “ಕಾರ್ಡಿನಲ್ಲಿ ಬರೆದಿದೀನಲ್ಲೋ. ಓದು.”

ಮೇಜಿನ ತುದಿಯಲ್ಲಿ ದಪ್ಪ ಅಕ್ಷರದ ಕಾರ್ಡು ನಿಂತಿತ್ತು. *ಬಯೋನೆಟ್ ಈ ರೈಫಲ್ಲಿನದಲ್ಲ. ನನ್ನ ಗೆಳೆಯ ಡೇಲ್ ಹೊಂದಿಸಿಕೊಟ್ಟದ್ದು.*

“ನಾನೇ ತಪ್ಪು ಮಾಡಿದ್ದು, ಓರಿನ್ ಅವ್ರೇ,” ಎಂದ ಡೇಲ್. “ನಂಗೇನು ಗೊತ್ತು, ಅರ ಮುಟ್ಟಿಸಬಾರ್ದು ಅಂತ. ಕೂರ್ಲಿಲ್ಲ, ಕೂರಿಸಿದೆ. ಬೈದು ಸುಮ್ನಾದ್ರು ಇವ್ರು.”

ಬೈದು ಸುಮ್ಮನಾದನಂತೆ. ಹಿಂದೊಮ್ಮೆ ಓರಿನ್ ಬರಿಗೈಯಲ್ಲಿ ನಳಿಗೆ ಮುಟ್ಟಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದ ಹಾರ್ಲನ್. *ನನ್ನ ಗೆಳೆಯ* ಎಂದು ಎಲ್ಲರೂ ಓದುವ ಹಾಗೆ ಬೇರೆ ಬರೆದಿದ್ದಾನೆ. ಓರಿನ್‌ಗೆ ಮೈಯೆಲ್ಲ ಉರಿದುಹೋಯಿತು. ಸರಸರ ಹೊರಗೆ ನಡೆದು, ಕಾರಿನಿಂದ ಟವೆಲ್ ತಂದು, ಮೇಜಿನ ಮೇಲೆ ಬಿಚ್ಚಿದ.

ಹಾರ್ಲನ್ ಹಿಡಿಯ ಬುಡದ ಅಂಕಿ ಓದಿದ. ಡೇಲ್ ತಂದದ್ದನ್ನು ಕಳಚಿ ಪಕ್ಕಕ್ಕಿಟ್ಟು, ಇದನ್ನು ನಳಿಗೆಗೆ ಜಾರಿಸಿದ. ಒತ್ತಬೇಕಾಗಲಿಲ್ಲ. ತಾನೇ ಹೋಗಿ ಟಿಕ್ ಎಂದು ಕೂತಿತು.

“ಇದೇ ಇದು,” ಎಂದ ಡೇಲ್ ಮೆಲ್ಲಗೆ. ಅವನ ಮುಖ ಬಾಡಿದ್ದನ್ನು ಓರಿನ್ ಕಣ್ತುಂಬ ನೋಡಿದ.

ಹಾರ್ಲನ್ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿ ಮೂಸಿದ. ಅಲ್ಲಿದ್ದವರೆಲ್ಲ ಲೋಹ ಕೆಡದಂತೆ ಹಚ್ಚುವ ಮೇಣವನ್ನು ತಾವೇ ಕುದಿಸಿಕೊಳ್ಳುವವರು. ಜೇನುಮೇಣಕ್ಕೆ ಲವಂಗದೆಣ್ಣೆ ಬೆರೆಸುವವನು ಓರಿನ್ ಒಬ್ಬನೇ. ವಸಂತಕ್ಕೊಮ್ಮೆ, ಎಲೆ ಉದುರುವಾಗೊಮ್ಮೆ ಹಚ್ಚುತ್ತಾನೆ.

“ನಿನ್ನ ಮೇಣ,” ಎಂದ ಹಾರ್ಲನ್. “ಇಷ್ಟು ದಪ್ಪ ಕೂತಿದೆ. ನಿನ್ನೆ ಮೊನ್ನೆ ಹಚ್ಚಿದ್ದಲ್ಲ. ಯಾವಾಗಿನಿಂದ ಇಟ್ಕೊಂಡಿದೀಯೋ?”

ಓರಿನ್ ಸುಳ್ಳು ಹುಡುಕಿದ. ಸಿಕ್ಕಲಿಲ್ಲ. “ಇವನು ನನ್ನ ಕುರ್ಚೀಲಿ ಕೂತಾಗಿನಿಂದ,” ಎಂದ.

“ನಾನು ಹುಡುಕಾಡ್ತಿದ್ದೆ. ನೀನೂ ನನ್ನ ಜೊತೆ ಹುಡುಕಿದೆಯಲ್ಲೋ, ಮೇಜು ಮೇಜು.”

“ಹುಡುಕಿದೆ.”

ಹಾರ್ಲನ್ ಹಿಡಿಯ ಗುಂಡಿ ಒತ್ತಿ ಬಯೋನೆಟ್ ಕಳಚಿದ. ಜೇಬಿನಿಂದ ಬಟ್ಟೆ ತೆಗೆದು ತನ್ನ ಬೆರಳ ಗುರುತುಗಳನ್ನು ಒರೆಸಿ, ಟವೆಲ್ಲಿನಲ್ಲಿ ಮೊದಲಿದ್ದ ಹಾಗೇ ಸುತ್ತಿ, ಹಿಡಿಯನ್ನು ಓರಿನ್ ಕಡೆಗೆ ಮಾಡಿ ಚಾಚಿದ.

“ತಗೊಂಡು ಹೋಗು,” ಎಂದ.

“ಹಾರ್ಲನ್, ಇದು ನಿಂದು. ಕೊಡೋಕೇ ತಂದೆ.”

“ತಗೊಂಡು ಹೋಗೋ ಮಾರಾಯ.”

ಡೇಲ್‌ನದ್ದು ಮತ್ತೆ ನಳಿಗೆಗೆ ಏರಿತು. ಸ್ವಲ್ಪ ಅಲುಗುತ್ತಿತ್ತು. ಡೇಲ್ ಕಾಗದದ ಕರವಸ್ತ್ರದ ಮೂಲೆ ಹರಿದು, ಮಡಚಿ, ಸಂದಿಗೆ ಸಿಕ್ಕಿಸಿದ. ಹಾರ್ಲನ್ ಬಗ್ಗಿ ನೋಡಿ ಸಾಕು ಎಂಬಂತೆ ತಲೆಯಾಡಿಸಿದ.

ಮನೆಗೆ ಬಂದಾಗ ಲೋಯಿಸ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. “ಕೊಟ್ರಾ?” ಎಂದು ಅಲ್ಲಿಂದಲೇ ಕೇಳಿದಳು.

“ಕೊಟ್ಟೆ,” ಎಂದ ಓರಿನ್.

ಅವಳು ಬರುವುದರೊಳಗೆ ನೆಲಮಾಳಿಗೆಗೆ ಇಳಿದು ಡ್ರಾಯರ್ ಎಳೆದ. ಸ್ವೆಟರುಗಳನ್ನು ಅಂಚಿನವರೆಗೂ ಮಡಚಿ ತುಂಬಿಸಿ, ನಡುನಡುವೆ ನುಸಿಗುಳಿಗೆ ಇಟ್ಟಿದ್ದಳು. ಮೇಲೆ ಅಡುಗೆಮನೆಯ ಬಾಗಿಲು ತೆರೆದ ಸದ್ದಾಯಿತು. ಟವೆಲ್ಲನ್ನು ಎದೆಗವಚಿಕೊಂಡು ಓರಿನ್ ಅಲ್ಲೇ ನಿಂತಿದ್ದ.