ರೌಂಡಣ್ಣನ ಕೆಂಪು ರೌಂಡು

ಟಿವಿ ಸುದ್ದಿಯಲ್ಲಿ ಜನಜಂಗುಳಿ ತೋರಿಸುವಾಗ ಯಾರೋ ಒಬ್ಬನ ತಲೆಯ ಸುತ್ತ ಕೆಂಪು ರೌಂಡು ಮೂಡಿ ಮಿಣಮಿಣ ಮಿನುಗುತ್ತದಲ್ಲ, ಅದು ತಾನಾಗಿ ಮೂಡುವುದಿಲ್ಲ. ಅದನ್ನು ಹಾಕುವುದಕ್ಕೂ ಒಬ್ಬ ಮನುಷ್ಯ ಬೇಕು. ಒಂದು ಚಾನೆಲ್ಲಿನಲ್ಲಿ ಆ ಮನುಷ್ಯನಿಗೆ ಎಲ್ಲರೂ ರೌಂಡಣ್ಣ ಎನ್ನುತ್ತಿದ್ದರು. ಕಿಟಕಿಯಿಲ್ಲದ ಗ್ರಾಫಿಕ್ಸ್ ಕೋಣೆ, ಎರಡು ಪರದೆ, ಕಾಲಿಗೆ ತೊಡರುವ ವೈರುಗಳು, ಬೇಸಿಗೆಯಲ್ಲೂ ಸ್ವೆಟರ್ ಹಾಕಿಸುವ ಎ.ಸಿ. ರೌಂಡು, ಬಾಣ, ಪರದೆ ಸೀಳಿಕೊಂಡು ಬರುವ ಬೆಂಕಿ, ಎಲ್ಲದರಲ್ಲೂ ಅವನದು ಎತ್ತಿದ ಕೈ. ಸುದ್ದಿ ನಿಜವೋ ಸುಳ್ಳೋ ಎನ್ನುವುದು ಹೊರಗಿನ ಹಾಲ್‌ನಲ್ಲಿ ಕೂತವರ ತಲೆನೋವು ಎಂದು ಅವನು ನಂಬಿದ್ದ. ಹಾಗೆ ನಂಬಿಕೊಂಡರೆ ಊಟ ಚೆನ್ನಾಗಿ ಸೇರುತ್ತದೆ, ನಿದ್ದೆಯೂ ಬರುತ್ತದೆ.

ಆ ದಿನ ಮಾರುಕಟ್ಟೆಯ ಚೌಕದಲ್ಲಿ ಗಲಾಟೆಯಾಗಿ ಯಾರೋ ಬಸ್ಸಿಗೆ ಕಲ್ಲು ಹೊಡೆದಿದ್ದರು. ಕಿಟಕಿ ಪಕ್ಕ ಕೂತಿದ್ದ ಮುದುಕಿಯ ಹಣೆ ಒಡೆದಿತ್ತು. ಹೊಡೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಿಕ್ಕಿದ್ದು ಯಾರದೋ ಮೊಬೈಲಿನ ಒಂದು ತುಣುಕು. ಅದರಲ್ಲಿ ಜನವಿತ್ತು, ಧೂಳಿತ್ತು, ಕಲ್ಲು ಮಾತ್ರ ಇರಲಿಲ್ಲ. ಬುಲೆಟಿನ್ ನೋಡಿಕೊಳ್ಳುವ ಮೇಡಂ ಬಾಗಿಲಲ್ಲೇ ನಿಂತು ಅವಸರ ಮಾಡಿದರು.

"ದೃಶ್ಯ ಬೋಳು ಬೋಳಾಗಿದೆ ರೌಂಡಣ್ಣ. ಯಾರಿಗಾದ್ರೂ ಒಂದು ರೌಂಡ್ ಹಾಕಿ, ನೋಡೋರಿಗೆ ಕಣ್ಣಿಡೋಕೆ ಒಂದು ಜಾಗ ಬೇಕಲ್ಲ."

"ಯಾರಿಗೆ ಮೇಡಂ?"

"ಯಾರು ಚೆನ್ನಾಗಿ ಕಾಣ್ತಾರೋ ಅವರಿಗೆ."

ರೌಂಡಣ್ಣ ತನ್ನ ವಿದ್ಯೆಗೆ ತಕ್ಕಂತೆ ಹುಡುಕಿದ. ಮುಂದಿದ್ದವನದು ಕೆಂಪು ಅಂಗಿ. ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ. ಪಕ್ಕದವನದು ಕಪ್ಪು, ಅದು ರೌಂಡನ್ನು ನುಂಗಿಹಾಕುತ್ತದೆ. ಹಿಂದೆ ತಿಳಿಹಳದಿ ಅಂಗಿಯವನೊಬ್ಬ ಕೈ ಎತ್ತಿ ನಿಂತಿದ್ದ. ದೊಡ್ಡದು ಮಾಡಿದರೆ ಮುಖವೆಲ್ಲ ಬರೀ ಚುಕ್ಕೆ. ಅಂಗಿ ಮಾತ್ರ ಸೊಗಸಾಗಿತ್ತು, ಕೆಂಪು ರೌಂಡು ಅದರ ಮೇಲೆ ಎದ್ದು ಕಂಡಿತು. ಮೇಡಂ ಬೆನ್ನು ತಟ್ಟಿದರು.

"ಸೂಪರ್. ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಒಗೀರಿ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ, ನಾವು ಹೇಳಿಲ್ಲಪ್ಪ, ಬರೀ ಕೇಳಿದೀವಿ ಅನ್ನಬಹುದು."

'ಕಲ್ಲೆಸೆದ ಕೈ ಇದೇನಾ?' ಎಂಬ ಹೆಸರಿಟ್ಟು ಸಂಜೆಯಿಡೀ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು.

ರೌಂಡಣ್ಣ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿನಿಂದ ಅತ್ತೆಯ ಕೂಗು ಕೇಳಿತು. ಅತ್ತೆಗೆ ಅಳಿಯನ ಚಾನೆಲ್ಲೆಂದರೆ ಪ್ರಾಣ. ಬೇರೆ ಚಾನೆಲ್ ಹಾಕಿದರೆ ಮಗಳ ಸಂಸಾರಕ್ಕೇ ದ್ರೋಹ ಮಾಡಿದಂತೆ ಎಂದು ತಿಳಿದಿದ್ದರು.

"ಅಯ್ಯಯ್ಯೋ, ಇವನು ನಮ್ಮ ವ್ಯಾನಿನವನಲ್ವೇನೇ! ಆ ಭುಜ ನೋಡು, ಆ ನಿಲುವು ನೋಡು. ನಮ್ಮ ಪುಟ್ಟೀನ ದಿನಾ ಇವನ ಕೈಗೆ ಕೊಟ್ಟು ಕಳಿಸ್ತಿದ್ವಲ್ಲ!"

ರೌಂಡಣ್ಣ ಪರದೆಯ ಕಡೆ ನೋಡಿದ. ಹೌದು, ಆ ಇಳಿದ ಎಡಭುಜ ವ್ಯಾನಿನವನದೇ. ಆರು ವರ್ಷದ ಮಗಳನ್ನೂ ಕಟ್ಟಡದ ಉಳಿದ ಮಕ್ಕಳನ್ನೂ ಶಾಲೆಗೆ ಕರೆದೊಯ್ಯುವ, ಮಕ್ಕಳೆಲ್ಲ ವ್ಯಾನ್ ಮಾಮ ಎಂದು ಕರೆಯುವ ಡ್ರೈವರು. ದಿನಾ ಬೆಳಿಗ್ಗೆ ಗೇಟಿನಲ್ಲಿ ನಮಸ್ಕಾರ ಹೇಳುತ್ತಿದ್ದವನನ್ನು ರೌಂಡಣ್ಣ ಒಂದು ಬಣ್ಣವೆಂದಷ್ಟೇ ನೋಡಿ ಸುತ್ತು ಹಾಕಿಬಿಟ್ಟಿದ್ದ.

"ಅಮ್ಮಾ, ಸುಮ್ನಿರು, ಅದು ಬೇರೆ ಯಾರೋ ಇರಬಹುದು," ಎಂದಳು ಹೆಂಡತಿ. "ಏನ್ರೀ, ನಿಮಗೆ ಗೊತ್ತಿರುತ್ತಲ್ಲ?"

"ನಂದು ಬರೀ ಗ್ರಾಫಿಕ್ಸು," ಎಂದು ಅವನು ಕೈಕಾಲು ತೊಳೆಯಲು ಹೋದ. ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತ. ಆಗಲೇ ಹೊರಗೆ ಬಂದು ನಾಲ್ಕು ಮಾತು ಆಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಬರಲಿಲ್ಲ. ಅಷ್ಟರೊಳಗೆ ಅತ್ತೆ ಫೋನ್ ಹಿಡಿದು ಕಟ್ಟಡಕ್ಕೆಲ್ಲ ಡಂಗುರ ಸಾರಿದ್ದರು.

ಮರುದಿನ ವ್ಯಾನು ಗೇಟಿಗೆ ಬಂದಾಗ ಒಂದು ಮಗುವೂ ಇಳಿದು ಬರಲಿಲ್ಲ. ಪೊಲೀಸರು ಡ್ರೈವರನ್ನು ಕರೆಸಿ ವಿಚಾರಿಸಿ, ಇವನದೇನೂ ಇಲ್ಲವೆಂದು ಬಿಟ್ಟು ಕಳಿಸಿದರು. ಕರೆಸಿದ್ದು ಸುದ್ದಿಯಾಯಿತು, ಬಿಟ್ಟದ್ದು ಆಗಲಿಲ್ಲ. ರೌಂಡಣ್ಣ ಮೇಡಂ ಹತ್ತಿರ ಹೋಗಿ, ತಪ್ಪಾಗಿದೆ ಎಂದು ಒಂದು ಸಾಲು ಹಾಕಬಹುದೇ ಎಂದು ಅಂಗಲಾಚಿದ. ಮೇಡಂ ಕೆಟ್ಟವರಲ್ಲ. ಕನಿಕರದಿಂದಲೇ ಹೇಳಿದರು.

"ಹೇಳಿದ್ರೆ ತಿದ್ದಬಹುದು ರೌಂಡಣ್ಣ. ನಾವು ಕೇಳಿದ್ದಲ್ವಾ? ಪ್ರಶ್ನೆಗೆ ತಿದ್ದುಪಡಿ ಏನಂತ ಹಾಕೋದು?"

ವಾರ ಕಳೆಯುವುದರೊಳಗೆ ಕಟ್ಟಡದವರು ನೆಲಮಾಳಿಗೆಯಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಭೆ ಸೇರಿದರು. ವ್ಯಾನ್ ಮಾಮನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನವಾಗಬೇಕಿತ್ತು. ಅವನು ಕಂಬಕ್ಕೆ ಒರಗದೆ, ಕುರ್ಚಿಯಲ್ಲೂ ಕೂರದೆ ನಿಂತಿದ್ದ. ಮೈಮೇಲೆ ಕಡುನೀಲಿ ಅಂಗಿ.

"ಗಲಾಟೆ ಶುರುವಾಯ್ತು, ವ್ಯಾನಲ್ಲಿ ಮಕ್ಕಳಿದ್ರು, ಹೆದರಬಾರದು ಅಂತ ತಲೆ ತಗ್ಗಿಸಿ ಕೂರಿಸಿದ್ದೆ. ಹಿಂದೆ ತಿರುಗಿಸ್ಕೊಳ್ಳೋಕೆ ಜಾಗ ಬೇಕಿತ್ತು, ಇಳಿದು ಕೈ ಅಡ್ಡ ಹಿಡಿದೆ, ಅಷ್ಟೆ," ಎಂದ. ಆಮೇಲೆ ರೌಂಡಣ್ಣನ ಕಡೆ ತಿರುಗಿದ. "ಸಾರ್ ಅಲ್ಲೇ ಕೆಲಸ ಮಾಡೋದು. ಅವರಿಗೆ ಗೊತ್ತಿರುತ್ತೆ. ಸಾರ್ ಏನು ಹೇಳ್ತಾರೋ ಅದೇ ಆಗ್ಲಿ."

ಎಲ್ಲರ ಕಣ್ಣೂ ರೌಂಡಣ್ಣನ ಮೇಲೆ ನೆಟ್ಟವು.

"ಅದರಲ್ಲಿ... ಪ್ರಶ್ನೆ ಚಿಹ್ನೆ ಇತ್ತು," ಎಂದ ಮೊದಲು. ಹೇಳಿದ ಮೇಲೆ ತನ್ನ ಮಾತು ತನಗೇ ಅಸಹ್ಯವೆನಿಸಿತು.

"ಏನೂ ಗೊತ್ತಿಲ್ದೆ ಅಷ್ಟು ದೊಡ್ಡ ಚಾನೆಲ್ಲಿನೋರು ಕೇಳ್ತಾರಾ?" ಎಂದರು ಅತ್ತೆ.

"ಅತ್ತೆ, ಆ ರೌಂಡ್ ಹಾಕಿದ್ದು ನಾನು." ಅವನು ಎದ್ದು ನಿಂತ. "ನನ್ನ ಕೈಯಾರೆ ಹಾಕಿದ್ದು. ಇವರು ಕಲ್ಲು ಹೊಡೆದಿದ್ದನ್ನ ನಾನೂ ನೋಡಿಲ್ಲ, ಯಾರೂ ನೋಡಿಲ್ಲ. ಯಾರಿಗಾದ್ರೂ ಹಾಕಿ ಅಂದ್ರು, ಹಾಕಿದೆ. ತಪ್ಪು ನಂದು."

ಇನ್ನು ಎಲ್ಲರೂ ತನ್ನ ಮುಖಕ್ಕೆ ಉಗಿಯುತ್ತಾರೆ ಎಂದುಕೊಂಡ. ಉಗಿಯಲಿ ಎಂದು ಆಸೆಯೂ ಪಟ್ಟ. ಆದರೆ ಅತ್ತೆ ಪಕ್ಕದ ಮನೆಯಾಕೆಯ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು.

"ನಮ್ಮ ಅಳಿಯಂದ್ರದು ಮೊದಲಿಂದ್ಲೂ ಹೆಂಗರುಳು. ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೀಬಾರದು ಅಂತ ತಪ್ಪು ತಾವೇ ಹೊತ್ಕೋತಿದಾರೆ."

ಎಲ್ಲರ ಮುಖದಲ್ಲೂ ಮೆಚ್ಚುಗೆ ಹರಡಿತು. ಮೂರನೇ ಮಹಡಿಯ ನಿವೃತ್ತ ಮೇಷ್ಟರು ಗಂಟಲು ಸರಿಮಾಡಿಕೊಂಡರು.

"ನಿಮ್ಮ ದೊಡ್ಡತನ ಅರ್ಥ ಆಗುತ್ತಪ್ಪಾ. ಸುಮ್ನೇ ಹಾಕಿದ್ದು ಅಂತಾನೇ ಇಟ್ಕೊಳ್ಳೋಣ. ಅಷ್ಟು ಜನ ಇದ್ದಾಗ ಆ ರೌಂಡು ಇವನ ಮೇಲೇ ಯಾಕೆ ಬೀಳಬೇಕಿತ್ತು? ನಾವೂ ಕಣ್ಣಾರೆ ನೋಡಿದೀವಲ್ಲ."

ವ್ಯಾನ್ ಮಾಮ ಇನ್ನು ಬೇಡವೆಂದು ತೀರ್ಮಾನವಾಯಿತು. ಇಬ್ಬರು ರೌಂಡಣ್ಣನ ಕೈ ಕುಲುಕಿದರು. ಹೆಂಡತಿ ಮಾತ್ರ ಅವನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ನಾಚಿಕೆಯಿಂದ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ನಿಜ ಹೇಳಿಯೂ ಒಳ್ಳೆಯವನೆನಿಸಿಕೊಂಡ ಇಂಥ ಮರ್ಯಾದೆ ಯಾವ ಶತ್ರುವಿಗೂ ಬೇಡ.

ಗೇಟಿನ ಹೊರಗೆ ವ್ಯಾನಿನ ಬಾಗಿಲು ತೆರೆದಿತ್ತು. ವ್ಯಾನ್ ಮಾಮ ಸೀಟಿನ ಕೆಳಗಿಂದ ಒಂದು ನೀರಿನ ಬಾಟಲಿ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಹಿಂದೆಯೇ ಬಂದಿದ್ದ ರೌಂಡಣ್ಣನ ಕೈಗಿಟ್ಟ.

"ಪುಟ್ಟೀದು ಸಾರ್. ಅವತ್ತು ಬಿಟ್ಟು ಹೋಗಿದ್ಲು."

ಆಮೇಲೆ ಕೇಳಿದ. ಇಡೀ ಸಭೆಯಲ್ಲಿ ತನ್ನ ಮಾತನ್ನು ನಂಬಿದವನು ಇವನೊಬ್ಬನೇ ಎಂದು ಆ ಪ್ರಶ್ನೆಯಿಂದಲೇ ರೌಂಡಣ್ಣನಿಗೆ ತಿಳಿಯಿತು.

"ಮೇಷ್ಟ್ರು ಕೇಳಿದ್ದು ಸರೀನೇ ಅಲ್ವಾ ಸಾರ್. ಅಷ್ಟು ಜನರಲ್ಲಿ ನಾನೇ ಯಾಕೆ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ಅವನಿಗೆ ಮುಖ ಉಳಿದಿರಲಿಲ್ಲ.

"ನಿಮ್ಮ ಅಂಗಿ ತಿಳಿಹಳದಿ ಇತ್ತು. ಅದರ ಮೇಲೆ ಕೆಂಪು ಚೆನ್ನಾಗಿ ಕಾಣ್ತಿತ್ತು."

ವ್ಯಾನ್ ಮಾಮ ತನ್ನ ಎದೆಯ ಕಡೆ ನೋಡಿಕೊಂಡ, ಆ ಅಂಗಿ ಈಗಲೂ ಮೈಮೇಲಿದೆಯೇನೋ ಎಂಬಂತೆ.

"ಓ. ಅಷ್ಟೇನಾ?" ಎಂದ.

ಬೈಯಲಿಲ್ಲ. ಹತ್ತಿ ಕೂತು ವ್ಯಾನ್ ಶುರುಮಾಡಿದ. ಹೊರಡುವ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ದೇಶಕ್ಕೆಲ್ಲ ಪ್ರಶ್ನೆ ಕೇಳಿದ್ರಿ ಸಾರ್. ನನ್ನನ್ನೂ ಒಂದು ಮಾತು ಕೇಳಬಹುದಿತ್ತು. ದಿನಾ ಬೆಳಿಗ್ಗೆ ನಿಮ್ಮ ಗೇಟಿಗೇ ಬರ್ತಿದ್ನಲ್ಲ."

ವ್ಯಾನು ಹೋಯಿತು. ಮೇಲಿನ ಕಿಟಕಿಯಿಂದ ಅತ್ತೆ ಕೂಗಿದರು. "ಬೇಗ ಬನ್ನಿ, ನಿಮ್ಮ ಚಾನೆಲ್ಲಲ್ಲಿ ಸುದ್ದಿ ಶುರುವಾಯ್ತು!" ರೌಂಡಣ್ಣ ಮಗಳ ಬಾಟಲಿ ಹಿಡಿದು ಗೇಟಿನಲ್ಲೇ ನಿಂತಿದ್ದ.